ಹಾಡು ಬಂತು, ಲೆಕ್ಕ ಬರಲಿಲ್ಲ

ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಹಾಡುಗಳನ್ನು ಸಾಗಿಸಿದವರಿಗೆ ಒಂದು ಅನುಭವ ಸಾಮಾನ್ಯ. ಪೆನ್‌ಡ್ರೈವಿನಲ್ಲಿ ಎಂಪಿ3 ಕಡತಗಳೆಲ್ಲ ಸುರಕ್ಷಿತವಾಗಿ ಬಂದಿರುತ್ತವೆ. ಹಾಡಿನ ಹೆಸರು, ಗಾಯಕರ ಹೆಸರು, ಚಿತ್ರದ ಹೆಸರು ತೆರೆಯ ಮೇಲೆ ಸರಿಯಾಗಿಯೇ ಮೂಡುತ್ತವೆ. ಆದರೆ ಇಷ್ಟದ ಹಾಡುಗಳಿಗೆ ವರ್ಷಗಟ್ಟಲೆ ಕೊಡುತ್ತ ಬಂದ ನಕ್ಷತ್ರಗಳು ಕಾಣುವುದಿಲ್ಲ. ಯಾವ ಹಾಡನ್ನು ಎಷ್ಟು ಸಲ ಕೇಳಲಾಗಿದೆ ಎಂಬ ಎಣಿಕೆ ಸೊನ್ನೆಗೆ ಇಳಿದಿರುತ್ತದೆ. ‘ಬೆಳಗಿನ ಹೊತ್ತು’, ‘ಬಸ್ ಪ್ರಯಾಣ’ ಎಂದೆಲ್ಲ ಹೆಸರಿಟ್ಟು ಜೋಡಿಸಿದ್ದ ಹಾಡುಪಟ್ಟಿಗಳು ಮಾಯವಾಗಿರುತ್ತವೆ. ಒಂದೇ ಹಾಡಿನ ಬಗೆಗಿನ ಕೆಲವು ಸಂಗತಿಗಳು ಅದರ ಜೊತೆಯಲ್ಲೇ ಪ್ರಯಾಣ ಮಾಡಿದವು, ಇನ್ನು ಕೆಲವು ಹಳೆಯ ಮನೆಯಲ್ಲೇ ಉಳಿದವು. ಇದಕ್ಕೆ ಕಾರಣವೇನು?

ಹೀಗೆ ಹಿಂದುಳಿದದ್ದನ್ನು ಹೊರತರಲು ಕಂಪ್ಯೂಟರ್ ಹವ್ಯಾಸಿಗಳು ಮನೆಯಲ್ಲೇ ಪುಟ್ಟ ತಂತ್ರಾಂಶಗಳನ್ನು ಬರೆದುಕೊಳ್ಳುವುದುಂಟು. ಐವತ್ತು ಸಾಲು ಮೀರದ ಇಂಥ ಒಂದು ಉಪಕರಣದ ಕೆಲಸ ಅರ್ಥವಾದರೆ ಮೇಲಿನ ಒಗಟೂ ಬಿಡಿಸಿಕೊಳ್ಳುತ್ತದೆ.

ಪಾತ್ರೆಯ ಹೆಸರು, ಮುಯ್ಯಿ ಪುಸ್ತಕ

ಮದುವೆಮನೆಗೆ ಬರುವ ಉಡುಗೊರೆಗಳ ಲೆಕ್ಕ ಎರಡು ಕಡೆ ಇರುತ್ತದೆ. ಸ್ಟೀಲ್ ಪಾತ್ರೆಯ ಅಂಚಿನಲ್ಲಿ ಕೊಟ್ಟವರ ಹೆಸರು, ತಾರೀಖು ಕೊರೆದಿರುತ್ತದೆ. ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದನ್ನು ಮನೆಯವರೊಬ್ಬರು ನೋಟ್‌ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಟ್ಟಿರುತ್ತಾರೆ. ಪಾತ್ರೆ ನಾಳೆ ಬೇರೆ ಮನೆಗೆ ಹೋದರೆ ಕೊರೆದ ಹೆಸರೂ ಅದರೊಂದಿಗೇ ಹೋಗುತ್ತದೆ, ಮುಯ್ಯಿ ಪುಸ್ತಕ ಮಾತ್ರ ಬೀರುವಿನಲ್ಲೇ ಇರುತ್ತದೆ.

ಹಾಡುಗಳ ವ್ಯವಸ್ಥೆಯೂ ಹೀಗೆಯೇ. ಹಾಡಿನ ಹೆಸರು, ಗಾಯಕರು, ವರ್ಷ ಇವೆಲ್ಲ ಕಡತದ ಒಳಗೇ ಕೊರೆದ ಅಕ್ಷರಗಳು. ಇಂಗ್ಲಿಷಿನಲ್ಲಿ ಇದನ್ನು ಟ್ಯಾಗ್ ಎನ್ನುತ್ತಾರೆ, ಇಲ್ಲಿ ಒಳಚೀಟಿ ಎನ್ನಬಹುದು. ನಕ್ಷತ್ರ, ಕೇಳಿದ ಎಣಿಕೆ, ಕೊನೆಯ ಸಲ ಕೇಳಿದ ದಿನ, ಹಾಡುಪಟ್ಟಿ ಇವು ಹಾಡು ನುಡಿಸುವ ತಂತ್ರಾಂಶ ತನಗಾಗಿ ಬರೆದಿಟ್ಟುಕೊಂಡ ಪುಸ್ತಕದಲ್ಲಿರುತ್ತವೆ. ಇಂಗ್ಲಿಷಿನಲ್ಲಿ ಅದು ಲೈಬ್ರರಿ ಡೇಟಾಬೇಸ್, ಇಲ್ಲಿ ಲೆಕ್ಕಪುಸ್ತಕ. ಪೆನ್‌ಡ್ರೈವಿಗೆ ಹಾಕಿದ್ದು ಪಾತ್ರೆಗಳನ್ನು ಮಾತ್ರ. ಪುಸ್ತಕವನ್ನು ಯಾರೂ ಎತ್ತಿಕೊಳ್ಳಲಿಲ್ಲ.

128 ಬೈಟಿನ ಒಳಚೀಟಿ

ಒಳಚೀಟಿ ಮೊದಲಿನಿಂದ ಇದ್ದದ್ದಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ತಟ್ಟೆಯ ಮೇಲೆ ಹಾಡು ಇತ್ತು, ಹಾಡಿನ ಹೆಸರು ಇರಲಿಲ್ಲ. ಹೆಸರು ಬೇಕಾದವರು ಡಬ್ಬಿಯ ಕಾಗದ ನೋಡಬೇಕಿತ್ತು. 1990ರ ದಶಕದಲ್ಲಿ ಜನ ಕಂಪ್ಯೂಟರಿನಲ್ಲಿ ಸಿಡಿ ಕೇಳತೊಡಗಿದಾಗ ಸಿಡಿಡಿಬಿ ಎಂಬ ಪಟ್ಟಿ ಹುಟ್ಟಿತು. ಅದು ತಟ್ಟೆಯನ್ನು ಗುರುತಿಸುತ್ತಿದ್ದ ರೀತಿ ಜಾಣತನದ್ದು. ಎಷ್ಟು ಹಾಡುಗಳಿವೆ, ಪ್ರತಿ ಹಾಡು ಎಷ್ಟನೇ ಕ್ಷಣದಲ್ಲಿ ಶುರುವಾಗುತ್ತದೆ ಎಂದು ಅಳೆದರೆ ಸಾಕಿತ್ತು. ಎರಡು ಬೇರೆ ತಟ್ಟೆಗಳಲ್ಲಿ ಈ ಅಳತೆಗಳೆಲ್ಲ ಒಂದೇ ಆಗುವುದು ಅಪರೂಪ. ಹಾಡಿನ ಉದ್ದವೇ ಅದರ ಬೆರಳಚ್ಚು ಎಂಬ ಈ ಮಾತು ಮುಂದೆ ಮತ್ತೆ ಕೆಲಸಕ್ಕೆ ಬರುತ್ತದೆ.

ಎಂಪಿ3 ಬಂದಾಗ ಕಡತಗಳು ಡಬ್ಬಿ, ಕಾಗದ ಎರಡನ್ನೂ ಬಿಟ್ಟು ಅಲೆಯತೊಡಗಿದವು. 1996ರಲ್ಲಿ ಎರಿಕ್ ಕೆಂಪ್ ಎಂಬ ತಂತ್ರಜ್ಞ ಐಡಿ3 ಎಂಬ ಒಳಚೀಟಿಯನ್ನು ರೂಪಿಸಿದರು. ಅದರ ಒಟ್ಟು ಗಾತ್ರ 128 ಬೈಟ್. ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರ ಕೂರುವಷ್ಟು ಜಾಗ. ಇದು ಒಳಚೀಟಿ ಎಂದು ಸಾರಲು 3 ಬೈಟ್, ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಸಂಗೀತದ ಬಗೆಗೆ 1. ಕೂಡಿದರೆ 128. ಚೀಟಿಯನ್ನು ಅಂಟಿಸಿದ್ದು ಕಡತದ ಬಾಲಕ್ಕೆ. ಚೀಟಿಯ ಅರಿವಿಲ್ಲದ ಹಳೆಯ ಪ್ಲೇಯರ್ ಕೂಡ ಹಾಡನ್ನು ಪೂರ್ತಿ ನುಡಿಸಿ ಮುಗಿಸಿದ ಮೇಲಷ್ಟೇ ಅದನ್ನು ಎಡವುತ್ತಿತ್ತು, ಹಾಗಾಗಿ ಕೇಳುಗರಿಗೆ ತೊಂದರೆಯಿರಲಿಲ್ಲ.

ಈ ಅಂಗಿ ಕನ್ನಡದ ಮೈಗೆ ಬಿಗಿ. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ಕೊಂಬು, ದೀರ್ಘ, ಸೊನ್ನೆ ಎಲ್ಲವೂ ಬೇರೆ ಬೇರೆ ಚಿಹ್ನೆಗಳು. ‘ಪುರಂದರದಾಸರು’ ಎಂಬ ಒಂದೇ ಪದದಲ್ಲಿ ಇಂಥ 11 ಚಿಹ್ನೆಗಳಿವೆ, ಅಂದರೆ 33 ಬೈಟ್. ಮೂವತ್ತರ ಖಾನೆಯಲ್ಲಿ ಕೊನೆಯ ಕೊಂಬು ಹಿಡಿಯದೆ ದಾಸರು ‘ಪುರಂದರದಾಸರ’ ಆಗಿ ನಿಲ್ಲುತ್ತಾರೆ.

ಈ ಇಕ್ಕಟ್ಟನ್ನು ಬಿಡಿಸಲು 1998ರಲ್ಲಿ ಐಡಿ3ಯ ಎರಡನೇ ತಲೆಮಾರು ಬಂತು. ಅದು ಕಡತದ ಮುಂಭಾಗದಲ್ಲಿ ಕೂರುತ್ತದೆ, ಬೇಕಾದಷ್ಟು ಹಿಗ್ಗುತ್ತದೆ, ಕನ್ನಡವನ್ನೂ ಮುಖಪುಟದ ಚಿತ್ರವನ್ನೂ ಹಿಡಿಯುತ್ತದೆ. ನಕ್ಷತ್ರಕ್ಕೆ, ಕೇಳಿದ ಎಣಿಕೆಗೆ ಕೂಡ ಅದರಲ್ಲಿ ಖಾನೆಗಳಿವೆ. ಆದರೆ ಹಲವು ಪ್ಲೇಯರ್‌ಗಳು ಆ ಖಾನೆಗಳನ್ನು ಖಾಲಿ ಬಿಡುತ್ತವೆ. ಅದಕ್ಕೊಂದು ತರ್ಕವಿದೆ. ಹಾಡಿನ ಹೆಸರು ಎಲ್ಲರಿಗೂ ಒಂದೇ, ನಕ್ಷತ್ರ ಕೇಳುಗರಿಂದ ಕೇಳುಗರಿಗೆ ಬದಲಾಗುವಂಥದ್ದು. ಪ್ರತಿ ಸಲ ಹಾಡು ಮುಗಿದಾಗಲೂ ಎಣಿಕೆ ಏರಿಸಲು ಕಡತವನ್ನೇ ತಿದ್ದುತ್ತ ಹೋಗುವುದು ಪಾತ್ರೆಯಲ್ಲಿ ಅಡುಗೆ ಮಾಡಿದಾಗಲೆಲ್ಲ ಅದರ ಅಂಚಿನಲ್ಲಿ ಒಂದು ಗೀಟು ಕೊರೆದಂತೆ. ಅದಕ್ಕಿಂತ ಪುಸ್ತಕದಲ್ಲಿ ಬರೆದುಕೊಳ್ಳುವುದು ಸಲೀಸು.

ಐಟ್ಯೂನ್ಸ್ ಬರೆದಿಟ್ಟ ಪುಸ್ತಕ

ಲೆಕ್ಕಪುಸ್ತಕದ ಒಳ್ಳೆಯ ಉದಾಹರಣೆ ಆಪಲ್ ಕಂಪನಿಯ ಐಟ್ಯೂನ್ಸ್. 2001ರ ಜನವರಿಯಲ್ಲಿ ಬಿಡುಗಡೆಯಾದ ಈ ತಂತ್ರಾಂಶ ಎರಡು ಪುಸ್ತಕಗಳನ್ನು ಇಡುತ್ತಿತ್ತು. ಮೊದಲನೆಯದು ತನ್ನ ಗುಟ್ಟಿನ ಲಿಪಿಯಲ್ಲಿ ಬರೆದ ಅಸಲು ಪುಸ್ತಕ. ಅದನ್ನು ತೆರೆದು ನೋಡಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಎರಡನೆಯದು ಅದರ ನಕಲು, ಎಕ್ಸ್‌ಎಂಎಲ್ ಎಂಬ ತೆರೆದ ಪದ್ಧತಿಯಲ್ಲಿ ಬರೆದದ್ದು. ಫೋಟೊ, ವಿಡಿಯೊ ತಂತ್ರಾಂಶಗಳಿಗೂ ಹಾಡುಗಳ ಪಟ್ಟಿ ಸಿಗಲಿ ಎಂಬುದು ಈ ನಕಲಿನ ಉದ್ದೇಶ. ನಕಲನ್ನು ತಿದ್ದಿದರೆ ಅಸಲು ಬದಲಾಗುವುದಿಲ್ಲ. ಆದರೆ ಓದಲು ಅಡ್ಡಿಯಿಲ್ಲ, ಮನೆ ಉಪಕರಣಕ್ಕೆ ಬೇಕಾದದ್ದೂ ಓದಲು ಸಿಗುವ ಪುಸ್ತಕವೇ. 2019ರಲ್ಲಿ ಮ್ಯಾಕ್ ಕಂಪ್ಯೂಟರುಗಳಲ್ಲಿ ಐಟ್ಯೂನ್ಸ್ ಜಾಗಕ್ಕೆ ಮ್ಯೂಸಿಕ್ ಎಂಬ ತಂತ್ರಾಂಶ ಬಂದ ಮೇಲೆ ಈ ನಕಲು ತಾನಾಗಿ ಸಿದ್ಧವಾಗುವುದಿಲ್ಲ. ಮೆನುವಿನಲ್ಲಿ ಲೈಬ್ರರಿಯನ್ನು ರಫ್ತು ಮಾಡುವ ಆಯ್ಕೆಯನ್ನು ಒತ್ತಿ ಪಡೆಯಬೇಕು.

ನಕಲು ಪುಸ್ತಕದಲ್ಲಿ ಪ್ರತಿ ಹಾಡಿಗೂ ಒಂದು ನಮೂದು ಇರುತ್ತದೆ. ಪ್ರತಿ ನಮೂದಿನಲ್ಲಿ ಮೊದಲು ಸಂಗತಿಯ ಹೆಸರು, ಅದರ ಮುಂದೆ ಬೆಲೆ. ಕ್ರಮಸಂಖ್ಯೆ 2187, ಉದ್ದ 245000, ನಕ್ಷತ್ರ 80, ಕೇಳಿದ ಎಣಿಕೆ 37 ಎಂಬಂತೆ ಸಾಗುತ್ತದೆ. ಹಾಡಿನ ಕಡತ ಡಿಸ್ಕಿನಲ್ಲಿ ಎಲ್ಲಿದೆ ಎಂಬ ವಿಳಾಸವೂ ಇರುತ್ತದೆ. ಒಮ್ಮೆಯೂ ಕೇಳದ ಹಾಡಿನ ನಮೂದಿನಲ್ಲಿ ಎಣಿಕೆಯ ಸಾಲೇ ಇರುವುದಿಲ್ಲ. ಸೊನ್ನೆ ಬರೆಯುವ ಬದಲು ಪುಸ್ತಕ ಸುಮ್ಮನಿರುತ್ತದೆ. ಮುಯ್ಯಿ ಪುಸ್ತಕದಲ್ಲಿ ಏನೂ ಕೊಡದವರ ಹೆಸರು ಹೇಗೆ ಇರುವುದಿಲ್ಲವೋ ಹಾಗೆ.

ನಂಟು ಹಾಕುವುದು ಸಂಖ್ಯೆ

ಪುಸ್ತಕದ ಎರಡನೇ ಭಾಗದಲ್ಲಿ ಹಾಡುಪಟ್ಟಿಗಳಿವೆ. ಇಲ್ಲಿ ಹಾಡಿನ ಹೆಸರನ್ನು ಹುಡುಕಿದರೆ ಸಿಗದು. ‘ಬೆಳಗಿನ ಹೊತ್ತು’ ಎಂಬ ಶೀರ್ಷಿಕೆಯ ಕೆಳಗೆ 2187, 2203, 1945 ಎಂದು ಬರೀ ಸಂಖ್ಯೆಗಳು. ಮುಯ್ಯಿ ಪುಸ್ತಕದ ಕೊನೇ ಪುಟದಲ್ಲಿ ‘ಮನೆಗೆ ಹೋಗಿ ಬರಬೇಕಾದವರು: 14, 52, 7’ ಎಂದು ಬರೆದಿಟ್ಟಂತೆ. ಯಾರೆಂದು ತಿಳಿಯಲು ಹಿಂದಿನ ಪುಟಗಳಿಗೆ ಹೋಗಿ ಆ ಸಂಖ್ಯೆಯ ಎದುರು ನೋಡಬೇಕು.

ಇದು ಸೋಮಾರಿತನದ ಫಲವಲ್ಲ. ಒಂದೇ ಹಾಡು ಹತ್ತು ಪಟ್ಟಿಗಳಲ್ಲಿದ್ದರೆ ಹತ್ತು ಕಡೆ ಹೆಸರು ಬರೆಯಬೇಕಾಗುತ್ತದೆ. ಹೆಸರಿನಲ್ಲೊಂದು ಕಾಗುಣಿತದ ತಪ್ಪಿದ್ದರೆ ಹತ್ತು ಕಡೆಯೂ ತಿದ್ದಬೇಕು. ಸಂಖ್ಯೆ ಬರೆದರೆ ಒಂದೇ ಕಡೆ ತಿದ್ದಿದರೆ ಮುಗಿಯಿತು.

ಐಟ್ಯೂನ್ಸ್ ಪ್ರತಿ ಹಾಡಿಗೆ ಎರಡು ಸಂಖ್ಯೆ ಕೊಡುತ್ತದೆ. ಒಂದು ದರ್ಶಿನಿಯ ಟೋಕನ್ನಿನಂಥದ್ದು, ಈ ಹೊತ್ತಿಗೆ ಮಾತ್ರ ಅದಕ್ಕೆ ಬೆಲೆ. ಪುಸ್ತಕವನ್ನು ಮತ್ತೆ ಬರೆದಾಗ ಅದು ಬದಲಾಗಬಹುದು. ಇನ್ನೊಂದು ಪಡಿತರ ಚೀಟಿಯ ಸಂಖ್ಯೆಯಂತೆ ಹಾಡಿಗೆ ಅಂಟಿಕೊಂಡೇ ಇರುತ್ತದೆ. ಹಾಡುಪಟ್ಟಿಗಳು ಮೊದಲನೆಯದನ್ನು ಬಳಸುತ್ತವೆ. ಆದ್ದರಿಂದ ಈ ವರ್ಷದ ಹಾಡುಪಟ್ಟಿಯನ್ನು ಕಳೆದ ವರ್ಷದ ನಕಲಿನ ಜೊತೆ ಇಟ್ಟು ಓದಿದರೆ ಭಕ್ತಿಗೀತೆಯ ಜಾಗದಲ್ಲಿ ಕುಣಿತದ ಹಾಡು ಎದ್ದು ನಿಂತೀತು. ಎರಡನ್ನೂ ಒಂದೇ ನಕಲಿನಿಂದ ಓದಬೇಕು.

ಮನೆ ಉಪಕರಣದ ಮೂರು ಕೆಲಸ

ಈಗ ಉಪಕರಣದ ಹೂರಣ ಸ್ಪಷ್ಟ. ಅದು ಮಾಡುವುದು ಮೂರೇ ಕೆಲಸ: ಓದುವುದು, ಜೋಡಿಸುವುದು, ಬರೆಯುವುದು.

ಓದುವ ಕೆಲಸಕ್ಕೆ ಸಿದ್ಧ ಸಾಧನಗಳಿವೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಜೊತೆಗೇ ಬರುವ ಪ್ಲಿಸ್ಟ್‌ಲಿಬ್ ಎಂಬ ಭಾಗ ಆಪಲ್‌ನ ಈ ಬಗೆಯ ಎಕ್ಸ್‌ಎಂಎಲ್ ಪುಸ್ತಕವನ್ನು ಒಂದೇ ಆಜ್ಞೆಯಲ್ಲಿ ಓದಿ, ಯಾವ ಸಂಖ್ಯೆ ಕೊಟ್ಟರೂ ಆ ಹಾಡಿನ ನಮೂದನ್ನು ಎತ್ತಿಕೊಡುವಂತೆ ಅಣಿಮಾಡುತ್ತದೆ. ಜೋಡಿಸುವ ಕೆಲಸದಲ್ಲಿ ಉಪಕರಣ ಪ್ರತಿ ಹಾಡುಪಟ್ಟಿಯನ್ನೂ ತೆರೆದು, ಅದರಲ್ಲಿರುವ ಪ್ರತಿ ಸಂಖ್ಯೆಯ ನಮೂದನ್ನೂ ಹುಡುಕಿ, ಸಂಖ್ಯೆಯ ಜಾಗದಲ್ಲಿ ಹೆಸರನ್ನು ಇಡುತ್ತದೆ. ಬರೆಯುವ ಕೆಲಸದಲ್ಲಿ ಎಲ್ಲವನ್ನೂ ಹಾಡಿಗೊಂದು ಸಾಲಿನಂತೆ ಕೋಷ್ಟಕವಾಗಿ ಇಳಿಸುತ್ತದೆ. ಈ ಕೋಷ್ಟಕವನ್ನು ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ತೆರೆಯಬಹುದು. ಅದಕ್ಕೆ ಐಟ್ಯೂನ್ಸಿನ ಹಂಗಿಲ್ಲ.

ಒಂದು ಬಗೆಯ ಪಟ್ಟಿ ಮಾತ್ರ ಪೂರ್ತಿ ಹೊರಬರುವುದಿಲ್ಲ. ‘ನಾಲ್ಕು ನಕ್ಷತ್ರದ ಮೇಲಿನ, ಈ ತಿಂಗಳು ಕೇಳದ ಹಾಡುಗಳು’ ಎಂಬಂಥ ನಿಯಮ ಕೊಟ್ಟರೆ ತಾನಾಗಿ ತುಂಬಿಕೊಳ್ಳುವ ಪಟ್ಟಿಗಳು ಐಟ್ಯೂನ್ಸಿನಲ್ಲಿವೆ. ನಕಲು ಪುಸ್ತಕದಲ್ಲಿ ಆ ನಿಯಮ ಮಾತ್ರ ಗುಟ್ಟಿನ ಲಿಪಿಯಲ್ಲೇ ಉಳಿದಿರುತ್ತದೆ. ಉಪಕರಣಕ್ಕೆ ದಕ್ಕುವುದು ನಕಲು ತೆಗೆದ ದಿನ ಆ ಪಟ್ಟಿಯಲ್ಲಿದ್ದ ಹಾಡುಗಳಷ್ಟೇ. ನಿಯಮವನ್ನು ಕೈಯಾರೆ ಬರೆದಿಟ್ಟುಕೊಳ್ಳಬೇಕು.

ಅಳತೆಗಳನ್ನು ತಿರುಗಿಸುವುದು

ಓದಿದ್ದನ್ನು ಹಾಗೆಯೇ ಇಳಿಸಿದರೆ ಕೋಷ್ಟಕ ಮನುಷ್ಯರಿಗೆ ಉಪಯೋಗಕ್ಕೆ ಬಾರದು. ಪುಸ್ತಕ ಸೇರು, ಪಾವುಗಳಲ್ಲಿ ಬರೆದಿದ್ದರೆ ಕೋಷ್ಟಕಕ್ಕೆ ಕಿಲೋ, ಗ್ರಾಂ ಬೇಕು.

ಹಾಡಿನ ಉದ್ದ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿದೆ. 245000 ಎಂದರೆ 245 ಸೆಕೆಂಡ್, ಅಂದರೆ 4 ನಿಮಿಷ 5 ಸೆಕೆಂಡ್. ನಕ್ಷತ್ರಗಳು ನೂರರ ಲೆಕ್ಕದಲ್ಲಿವೆ, ಒಂದು ನಕ್ಷತ್ರಕ್ಕೆ 20. ಹಾಗಾಗಿ 80 ಎಂದರೆ ನಾಲ್ಕು ನಕ್ಷತ್ರ. ಇಲ್ಲೊಂದು ಬಲೆಯೂ ಇದೆ. ಆಲ್ಬಮ್ಮಿಗೆ ಕೊಟ್ಟ ನಕ್ಷತ್ರವನ್ನು ನೋಡಿ ಅದರ ಹಾಡುಗಳಿಗೆ ಐಟ್ಯೂನ್ಸ್ ತಾನೇ ಅಂದಾಜಿನ ನಕ್ಷತ್ರ ಹಾಕುವುದುಂಟು. ಅಂಥ ನಮೂದಿನಲ್ಲಿ ‘ಇದು ಲೆಕ್ಕ ಹಾಕಿದ್ದು’ ಎಂಬ ಗುರುತು ಇರುತ್ತದೆ. ಎಚ್ಚರವುಳ್ಳ ಉಪಕರಣ ಆ ಗುರುತನ್ನು ನೋಡಿ, ಕೇಳುಗರು ಕೊಟ್ಟದ್ದನ್ನೂ ಯಂತ್ರ ಊಹಿಸಿದ್ದನ್ನೂ ಬೇರ್ಪಡಿಸುತ್ತದೆ.

ದಿನಾಂಕದ ಕತೆ ಇನ್ನೂ ಸ್ವಾರಸ್ಯದ್ದು. ಕೊನೆಯ ಸಲ ಹಾಡು ಕೇಳಿದ ಹೊತ್ತನ್ನು ಪುಸ್ತಕ ಒಂದು ಭಾರೀ ಸಂಖ್ಯೆಯಾಗಿಯೂ ಬರೆಯುತ್ತದೆ. ಅದು 1904ರ ಜನವರಿ 1ರಿಂದ ಉರುಳಿದ ಸೆಕೆಂಡುಗಳ ಎಣಿಕೆ. ಹಳೆಯ ಮ್ಯಾಕ್ ಗಡಿಯಾರ ಆ ದಿನದಿಂದ ಎಣಿಸುತ್ತಿತ್ತು. 1900 ಅಧಿಕ ವರ್ಷವಲ್ಲ, 1904 ಇಪ್ಪತ್ತನೇ ಶತಮಾನದ ಮೊದಲ ಅಧಿಕ ವರ್ಷ. ಅಲ್ಲಿಂದ ಹೊರಟರೆ ‘ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು’ ಎಂಬ ಸರಳ ನಿಯಮ 2100ರವರೆಗೆ ತಪ್ಪದೆ ನಡೆಯುತ್ತದೆ. ಆದರೆ ಇಂದಿನ ಬಹುತೇಕ ತಂತ್ರಾಂಶಗಳು ಸೆಕೆಂಡುಗಳನ್ನು 1970ರ ಜನವರಿ 1ರಿಂದ ಎಣಿಸುತ್ತವೆ. ಎರಡರ ನಡುವಿನ ಅಂತರ 66 ವರ್ಷ, ಸೆಕೆಂಡಿನಲ್ಲಿ 208,28,44,800. ಇದನ್ನು ಕಳೆಯಲು ಮರೆತ ಉಪಕರಣ 2010ರಲ್ಲಿ ಕೇಳಿದ ಹಾಡನ್ನು 2076ರಲ್ಲಿ ಕೇಳಿದ್ದಾಗಿ ತೋರಿಸುತ್ತದೆ. ಶಕವರ್ಷವನ್ನು ಕ್ರಿಸ್ತಶಕ ಎಂದು ಓದಿದಾಗ ಶಾಸನದ ಕಾಲ 78 ವರ್ಷ ಹಿಂದಕ್ಕೆ ಜಾರುವಂಥದೇ ಎಡವಟ್ಟು ಇದು.

ಕಡತದ ವಿಳಾಸಕ್ಕೂ ವೇಷ ಇರುತ್ತದೆ. ಅದರಲ್ಲಿ ಖಾಲಿ ಜಾಗ ಬಂದಲ್ಲೆಲ್ಲ %20 ಎಂದಿರುತ್ತದೆ. ಕನ್ನಡದ ಒಂದು ‘ಕ’ ಮೂರು ಬೈಟ್ ಆದ್ದರಿಂದ, ಪ್ರತಿ ಬೈಟಿಗೂ ಒಂದು ಶೇಕಡಾ ಚಿಹ್ನೆ, ಎರಡು ಅಕ್ಷರ ಸೇರಿ ಒಟ್ಟು ಒಂಬತ್ತು ಚಿಹ್ನೆಗಳಾಗಿ ಹಿಗ್ಗಿರುತ್ತದೆ. ಇದನ್ನು ಬಿಚ್ಚಿ ಮೂಲರೂಪಕ್ಕೆ ತರುವುದೂ ಉಪಕರಣದ ಕೆಲಸ.

ಅಲ್ಪವಿರಾಮದ ಅವಾಂತರ

ಬರೆಯುವ ಹಂತದಲ್ಲಿ ಹೆಚ್ಚು ಬಳಕೆಯಾಗುವುದು ಸಿಎಸ್‌ವಿ ಎಂಬ ಪದ್ಧತಿ. ಒಂದು ಹಾಡಿಗೆ ಒಂದು ಸಾಲು, ಒಂದು ಖಾನೆಗೂ ಮುಂದಿನದಕ್ಕೂ ನಡುವೆ ಒಂದು ಅಲ್ಪವಿರಾಮ. ಇಷ್ಟು ಸರಳವಾದದ್ದರಿಂದಲೇ ಅದು ಎಲ್ಲ ಕಡೆ ಸಲ್ಲುತ್ತದೆ. ಆದರೆ ಯುಗಳಗೀತೆಯೊಂದು ಬಂದ ಕೂಡಲೇ ಕಷ್ಟ. ಗಾಯಕರ ಖಾನೆಯಲ್ಲಿ ‘ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ’ ಎಂದಿದ್ದರೆ ನಡುವಿನ ಅಲ್ಪವಿರಾಮ ಖಾನೆಯ ಗೋಡೆಯಾಗಿಬಿಡುತ್ತದೆ. ಜಾನಕಿಯವರು ಚಿತ್ರದ ಹೆಸರಿನ ಖಾನೆಗೆ ಹೋಗುತ್ತಾರೆ, ಚಿತ್ರದ ಹೆಸರು ವರ್ಷದ ಖಾನೆಗೆ ಜಾರುತ್ತದೆ. ಪರಿಹಾರವೂ ಸರಳ. ಅಂಥ ಖಾನೆಯನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಒಳಗಿನ ಅಲ್ಪವಿರಾಮ ಅಲ್ಪವಿರಾಮವಾಗಿಯೇ ಉಳಿಯುತ್ತದೆ. ಖಾನೆಯೊಳಗೇ ಉದ್ಧರಣ ಚಿಹ್ನೆ ಇದ್ದರೆ ಅದನ್ನು ಎರಡು ಸಲ ಬರೆಯಬೇಕು. ಬಹುಕಾಲ ಬಾಯಿಮಾತಿನಲ್ಲಿದ್ದ ಈ ನಿಯಮಗಳು 2005ರಲ್ಲಿ ಆರ್‌ಎಫ್‌ಸಿ 4180 ಎಂಬ ದಾಖಲೆಯಲ್ಲಿ ಬರಹಕ್ಕಿಳಿದವು.

ಕನ್ನಡ ಅಕ್ಷರಗಳಿಗೆ ಇನ್ನೊಂದು ಕಾವಲು ಬೇಕು. ಕನ್ನಡದ ಕೋಷ್ಟಕ ತೆರೆದಾಗ ಅಕ್ಷರಗಳ ಬದಲು ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರವೂ ಪುಟಾಣಿ ಅಂಕಿಗಳೂ ಸಾಲುಗಟ್ಟಿ ನಿಂತದ್ದನ್ನು ಹಲವರು ಕಂಡಿದ್ದಾರೆ. ಇಲ್ಲಿ ಮಾಹಿತಿ ಕೆಟ್ಟಿರುವುದಿಲ್ಲ, ಓದು ಕೆಟ್ಟಿರುತ್ತದೆ. ಮೂರು ಬೈಟ್ ಸೇರಿ ಒಂದು ಕನ್ನಡ ಚಿಹ್ನೆ ಎಂದು ಗೊತ್ತಿಲ್ಲದ ತಂತ್ರಾಂಶ ಒಂದೊಂದು ಬೈಟನ್ನೂ ಒಂದೊಂದು ಯುರೋಪಿನ ಅಕ್ಷರವೆಂದು ಬಗೆದಿರುತ್ತದೆ. ಕನ್ನಡದ ಎಲ್ಲ ಚಿಹ್ನೆಗಳ ಮೊದಲ ಬೈಟ್ ಒಂದೇ ಆದ್ದರಿಂದ ಅದೇ ಓರೆಗೆರೆಯ ಅಕ್ಷರ ಮತ್ತೆ ಮತ್ತೆ ಕಾಣಿಸುತ್ತದೆ. ಕೋಷ್ಟಕದ ಆರಂಭದಲ್ಲಿ ‘ಇದು ಯುಟಿಎಫ್-8’ ಎಂದು ಸಾರುವ ಮೂರು ಬೈಟುಗಳ ಗುರುತನ್ನು ಉಪಕರಣ ಬರೆದಿಟ್ಟರೆ ಎಕ್ಸೆಲ್‌ನಂಥ ತಂತ್ರಾಂಶಗಳು ದಾರಿ ತಪ್ಪುವುದಿಲ್ಲ.

ರಾಗಕ್ಕೆ ಖಾನೆ ಇಲ್ಲ

ಪುಸ್ತಕದಲ್ಲಿ ಇರುವುದನ್ನಷ್ಟೇ ಉಪಕರಣ ತರಬಲ್ಲದು. ಐಡಿ3ಯ ಮೊದಲ ತಲೆಮಾರಿನಲ್ಲಿ ಸಂಗೀತದ ಬಗೆಗಳ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಸೊನ್ನೆಯಲ್ಲಿ ಬ್ಲೂಸ್, 32ರಲ್ಲಿ ಕ್ಲಾಸಿಕಲ್, 48ರಲ್ಲಿ ಎಥ್ನಿಕ್. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡೂ ಅದರಲ್ಲಿ ಇರಲಿಲ್ಲ. ಹಾಡು, ಕಲಾವಿದ, ಆಲ್ಬಮ್ ಎಂಬ ಮೂರು ಖಾನೆಗಳು ಪಾಶ್ಚಾತ್ಯ ಜನಪ್ರಿಯ ಸಂಗೀತದ ತಟ್ಟೆಗಳನ್ನು ನೋಡಿ ಹುಟ್ಟಿದವು. ಕೃತಿಯೊಂದಕ್ಕೆ ರಾಗ, ತಾಳ, ವಾಗ್ಗೇಯಕಾರ ಬೇಕು. ಚಿತ್ರಗೀತೆಗೆ ಗಾಯಕರ ಜೊತೆ ಗೀತರಚನೆಕಾರರು, ಸಂಗೀತ ನಿರ್ದೇಶಕರು ಬೇಕು. ಆದ್ದರಿಂದ ರಸಿಕರು ರಾಗದ ಹೆಸರನ್ನು ಕೆಲವೊಮ್ಮೆ ಹಾಡಿನ ಹೆಸರಿಗೇ ಅಂಟಿಸುತ್ತಾರೆ, ಕೆಲವೊಮ್ಮೆ ಟಿಪ್ಪಣಿಯ ಖಾನೆಯಲ್ಲಿ ತುರುಕುತ್ತಾರೆ.

ಮನೆಯಲ್ಲೇ ಬರೆದ ಉಪಕರಣದ ಲಾಭ ಇಲ್ಲಿ ಎದ್ದು ಕಾಣುತ್ತದೆ. ಟಿಪ್ಪಣಿಯಲ್ಲಿ ‘ಮೋಹನ / ಆದಿ’ ಎಂದು ಒಂದೇ ಕ್ರಮದಲ್ಲಿ ಬರೆಯುತ್ತ ಬಂದಿದ್ದರೆ, ಓರೆಗೆರೆಯ ಎರಡು ಬದಿಯನ್ನೂ ಬೇರೆ ಮಾಡಿ ರಾಗ, ತಾಳ ಎಂಬ ಎರಡು ಹೊಸ ಖಾನೆ ತೆರೆಯಲು ಎರಡು ಸಾಲು ಸೇರಿಸಿದರೆ ಸಾಕು. ಅಂಗಡಿಯಲ್ಲಿ ಸಿಗುವ ತಂತ್ರಾಂಶಕ್ಕೆ ಆ ಮನೆಯ ರೂಢಿ ತಿಳಿದಿರುವುದಿಲ್ಲ.

ಹೊಸ ಮನೆಯಲ್ಲಿ ಗುರುತು ಹಿಡಿಯುವುದು

ಕೋಷ್ಟಕ ಹೊಸ ಕಂಪ್ಯೂಟರಿಗೆ ಬಂದ ಮೇಲೆ ಯಾವ ಸಾಲು ಯಾವ ಹಾಡಿನದು ಎಂದು ಹೊಂದಿಸಬೇಕು. ಹಳೆಯ ವಿಳಾಸ ಇಲ್ಲಿ ನಡೆಯದು. ‘ಅಟ್ಟದ ಮೇಲಿನ ಮೂರನೇ ಪಾತ್ರೆ’ ಎಂದು ಬರೆದದ್ದು ಮನೆ ಬದಲಾದ ಮೇಲೆ ಅರ್ಥಹೀನ. ಹಳೆಯ ಸಂಖ್ಯೆಗಳೂ ಹೊಸ ಪ್ಲೇಯರಿಗೆ ಅಪರಿಚಿತ. ಉಳಿಯುವುದು ಪಾತ್ರೆಯ ಮೇಲೆ ಕೊರೆದದ್ದು, ಅಂದರೆ ಒಳಚೀಟಿ. ಹಾಡು, ಗಾಯಕರು, ಆಲ್ಬಮ್ ಮೂರನ್ನೂ ಸೇರಿಸಿ ಹೋಲಿಸಿದರೆ ಬಹುತೇಕ ಸಾಲುಗಳು ತಮ್ಮ ಹಾಡನ್ನು ಕಂಡುಕೊಳ್ಳುತ್ತವೆ. ಒಂದೇ ಗಾಯಕರ ಒಂದೇ ಕೃತಿ ಒಂದೇ ಆಲ್ಬಮ್ಮಿನಲ್ಲಿ ಎರಡು ಸಲ ಇದ್ದರೆ ಆಗ ಉದ್ದ ನೆರವಿಗೆ ಬರುತ್ತದೆ. ಸಿಡಿಡಿಬಿಯ ಕಾಲದ ಬೆರಳಚ್ಚು ಇಂದೂ ಸವೆದಿಲ್ಲ.

ಕೊನೆಗೆ ತಾಳೆ ನೋಡುವುದನ್ನು ಬಿಡಬಾರದು. ಐಟ್ಯೂನ್ಸ್ ತೋರಿಸುವ ಹಾಡುಗಳ ಸಂಖ್ಯೆಯೂ ಕೋಷ್ಟಕದ ಸಾಲುಗಳ ಸಂಖ್ಯೆಯೂ ಒಂದೇ ಆಗಿರಬೇಕು. ಹಾಡುಪಟ್ಟಿಗಳಲ್ಲೂ ಹಾಗೆಯೇ. ಒಂದು ಸಾಲು ಕಡಿಮೆಯಾದರೂ ಎಲ್ಲೋ ಒಂದು ಅಲ್ಪವಿರಾಮವೋ ಇಲ್ಲದ ಖಾನೆಯೋ ಕೈಕೊಟ್ಟಿದೆ ಎಂದರ್ಥ. ಹಳೆಯ ಯಂತ್ರ ಕೆಲಸ ಮಾಡುತ್ತಿರುವಾಗಲೇ ಈ ತಾಳೆ ಮುಗಿಯಬೇಕು.

ಇಷ್ಟೆಲ್ಲ ಲೆಕ್ಕ ಹಿಡಿಯುವ ಜಾಗ ಬಲು ಚಿಕ್ಕದು. ಸಾಲಿಗೆ 300 ಬೈಟ್ ಎಂದಿಟ್ಟುಕೊಂಡರೆ ಹತ್ತು ಸಾವಿರ ಹಾಡುಗಳ ಕೋಷ್ಟಕ 30 ಲಕ್ಷ ಬೈಟ್ ಆಗುತ್ತದೆ. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದ, ನಾಲ್ಕು ನಿಮಿಷದ ಒಂದು ಎಂಪಿ3 ಹಾಡಿಗೆ 38 ಲಕ್ಷ ಬೈಟ್ ಬೇಕು. ಹತ್ತು ಸಾವಿರ ಹಾಡುಗಳನ್ನು ಕೇಳಿದ ಲೆಕ್ಕವೆಲ್ಲ ಒಂದು ಹಾಡಿನ ಜಾಗದಲ್ಲಿ ಹಿಡಿಯುತ್ತದೆ.